ಸೋಸಿದ ಎಣ್ಣೆ ಹೊಸ ಎಣ್ಣೆಯಲ್ಲ

ಮುಂಬಯಿಯ ನಮ್ಮವರ ಹೋಟೆಲುಗಳ ಅಡಿಗೆಮನೆಗಳಲ್ಲಿ ಎಣ್ಣೆ ಸೋಸುವ ಯಂತ್ರಗಳು ಕಾಣಿಸಿಕೊಳ್ಳುತ್ತಿವೆ. ಇದು ಸ್ವಾಗತಾರ್ಹವೇ ಸರಿ. ಆದರೆ ಯಂತ್ರ ಕೊಂಡ ಕೆಲವು ಬಂಧುಗಳು, ಇನ್ನು ಬಾಣಲೆಯ ಎಣ್ಣೆಯನ್ನು ಬದಲಾಯಿಸುವ ಅಗತ್ಯವೇ ಇಲ್ಲವೆಂದು ನಂಬಿರುವಂತೆ ತೋರುತ್ತದೆ. ಆದುದರಿಂದ ಈ ವಿಷಯದಲ್ಲಿ ಎರಡು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಎಣ್ಣೆ ಸೋಸುವುದು ನಮಗೆ ಹೊಸ ವಿದ್ಯೆಯಲ್ಲ. ಊರಿನ ಎತ್ತಿನ ಗಾಣದಿಂದ ಇಳಿದ ಎಣ್ಣೆಯನ್ನು ಕೆಲವು ದಿನ ಅಲುಗಿಸದೆ ಇಟ್ಟು, ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುತ್ತಿದ್ದರು. ಗಾಣದ ಹಿಂಡಿಯಲ್ಲಿ ನೂರಕ್ಕೆ ಸುಮಾರು 10 ಪಾಲು ಎಣ್ಣೆ ಉಳಿದುಬಿಡುತ್ತಿತ್ತು. ತಿರುಪಿನಿಂದ ಒತ್ತುವ ಎಕ್ಸ್‌ಪೆಲ್ಲರ್ ಯಂತ್ರ ಅದನ್ನು ತಗ್ಗಿಸಿತು. ಹೆಕ್ಸೇನ್ ದ್ರಾವಕದಿಂದ ಹಿಂಡಿಯನ್ನು ತೊಳೆಯುವ ಕಾರಖಾನೆಗಳು ಸುಮಾರು 1 ಪಾಲಿಗೆ ಇಳಿಸಿದವು. ಗಿರಣಿಗಳಲ್ಲಿ ಪಂಪಿನ ಒತ್ತಡದಿಂದ ಎಣ್ಣೆಯನ್ನು ಅರಿವೆಯ ಪದರಗಳ ಮೂಲಕ ಹಾಯಿಸುವ ಫಿಲ್ಟರ್ ಪ್ರೆಸ್ ಬಂದಿತು. ಆದರೆ ಇವೆಲ್ಲವೂ ಬಾಣಲೆಯನ್ನು ಇನ್ನೂ ಕಾಣದ ಎಣ್ಣೆಗೆ ಸಂಬಂಧಿಸಿದವು.

ಬಾಣಲೆಯಲ್ಲಿ ಬೆಂದ ಎಣ್ಣೆಯ ಸ್ಥಿತಿ ಬೇರೆ. ಉರಿ, ಗಾಳಿ ಹಾಗೂ ಹಿಟ್ಟಿನ ನೀರು ಸೇರಿ ಎಣ್ಣೆಯ ಸ್ವರೂಪವನ್ನೇ ಕೆಡಿಸುತ್ತವೆ. ಆಗ ಹುಟ್ಟುವ ಪೋಲಾರ್ ಸಂಯುಕ್ತಗಳು ಎಣ್ಣೆಯಲ್ಲಿಯೇ ಕರಗಿರುತ್ತವೆ. ಜಾಲರಿಗಾಗಲಿ ಕಾಗದಕ್ಕಾಗಲಿ ಅವು ಸಿಕ್ಕುವುದಿಲ್ಲ. ಯಂತ್ರವು ಸುಟ್ಟ ಕಣಗಳನ್ನು ತೆಗೆಯುತ್ತದೆ. ಆ ಕಣಗಳು ಎಣ್ಣೆಯನ್ನು ಬೇಗ ಕೆಡಿಸುವುದರಿಂದ ದಿನವೂ ಸೋಸುವುದು ಲಾಭದಾಯಕವೇ. ಶೋಧಕ ಪುಡಿ ಬೆರೆಸಿದರೆ ಬಣ್ಣವೂ ಆಮ್ಲಾಂಶವೂ ತುಸು ತಗ್ಗಬಹುದು. ಆದರೆ ಮುಪ್ಪಾದ ಎಣ್ಣೆಗೆ ಯೌವನ ಮರಳದು. ತಿಳಿಯಾಗಿ ಕಂಡ ಮಾತ್ರಕ್ಕೆ ಅದು ಶುದ್ಧವಲ್ಲ.

ಈ ಸಂಯುಕ್ತಗಳು ನೂರಕ್ಕೆ 25 ಪಾಲು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯಲು ಕೈಯಲ್ಲಿ ಹಿಡಿಯುವ ಮಾಪಕಗಳಿವೆ. ಸೋಸುವ ಯಂತ್ರಕ್ಕೆ ಹಣ ಕೊಡುವವರು ಮಾಪಕವನ್ನೂ ಏಕೆ ಕೊಳ್ಳಬಾರದು?

ಎಣ್ಣೆ ದುಬಾರಿ, ಚೆಲ್ಲುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ದೇಶಕ್ಕೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶಗಳಿಂದ ಬರುತ್ತಿರುವಾಗ ಈ ಚಿಂತೆ ಅಲ್ಲಗಳೆಯುವಂತಹುದಲ್ಲ. ಆದರೆ ಚೆಲ್ಲಬೇಕಾಗಿಲ್ಲ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ಸರಕಾರಿ ಯೋಜನೆ 2018ರಲ್ಲಿಯೇ ಆರಂಭವಾಗಿದೆ. ಅಧಿಕೃತ ಸಂಗ್ರಾಹಕರಿಗೆ ಕೊಟ್ಟರೆ ಅದು ಪುನಃ ಬಾಣಲೆಗೆ ಬಾರದು.

ಇದನ್ನು ನಾವು ಉಪದೇಶಕ್ಕಾಗಿ ಬರೆಯುತ್ತಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ದಿನಗಳಲ್ಲಿ ನಾವೂ ರಾತ್ರಿಯ ಕಪ್ಪೆಣ್ಣೆಯನ್ನು ಗಾಡಿಯವನೊಬ್ಬನಿಗೆ ಡಬ್ಬಿಯ ಲೆಕ್ಕದಲ್ಲಿ ಮಾರಿದವರೇ. ನಮ್ಮ ಗಿರಾಕಿಗೆ ಅದನ್ನು ಉಣಿಸಲಿಲ್ಲವೆಂಬ ಸಮಾಧಾನವೂ ನಮಗಿತ್ತು. ಒಂದು ಸಂಜೆ ಅದೇ ಗಾಡಿಯ ಮುಂದೆ ನಮ್ಮದೇ ಹೋಟೆಲಿನ ಮಾಣಿಯೊಬ್ಬನು ವಡಾಪಾವ್ ತಿನ್ನುತ್ತ ನಿಂತಿದ್ದನು. ನಮ್ಮನ್ನು ಕಂಡು ಅವನು ನಕ್ಕನು. ತಲೆ ತಗ್ಗಿಸಿದವರು ನಾವು. ಮರುದಿನದಿಂದ ಆ ಮಾರಾಟ ನಿಂತಿತು.

ಬರಿಗೈಯಲ್ಲಿ ಈ ನಗರಕ್ಕೆ ಬಂದ ನಮ್ಮ ಹಿರಿಯರು ಜನರ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಹೋಟೆಲುಗಳನ್ನು ಕಟ್ಟಿದರು. ನಾಲ್ಕು ಡಬ್ಬಿ ಎಣ್ಣೆಯ ಆಸೆಗೆ ಆ ಬಂಡವಾಳವನ್ನು ಕರಗಿಸದಿರೋಣವೆಂದು ಹೋಟೆಲು ಬಂಧುಗಳಲ್ಲಿ ನಮ್ಮ ವಿನಂತಿ.