ಸೂತಕಕ್ಕೂ ಒಂದು ಕೊನೆ ಬೇಡವೇ?

ನನ್ನ ತಂಗಿಯ ಮಗ ಆತ್ಮಹತ್ಯೆ ಮಾಡಿಕೊಂಡು ಎಂಟು ತಿಂಗಳಾಗಿತ್ತು. ಒಂದು ಭಾನುವಾರ ಅವಳು ಪಕ್ಕದ ಮನೆಯ ಮಕ್ಕಳ ಜೊತೆ ಜಗಲಿಯಲ್ಲಿ ಚೌಕಾಬಾರ ಆಡಲು ಕುಳಿತಳು. ಒಳ್ಳೆಯ ಗರ ಬಿದ್ದಾಗ ಮಕ್ಕಳು ಕೂಗಿದರು, ಅವಳೂ ನಕ್ಕಳು. ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, "ಪರವಾಗಿಲ್ಲಮ್ಮ, ಬೇಗ ಸುಧಾರಿಸಿಕೊಂಡೆ" ಎಂದರು. ತಂಗಿ ಕವಡೆಗಳನ್ನು ಡಬ್ಬಿಗೆ ತುಂಬಿ ಒಳಗೆ ಹೋದಳು. ನಿಜ ಹೇಳಬೇಕೆಂದರೆ, ಅವಳು ನಕ್ಕಾಗ ನನ್ನ ಮನಸ್ಸೂ "ಇವಳಿಗೆ ನಗು ಹೇಗೆ ಬಂತು?" ಎಂದಿತ್ತು. ಆದ್ದರಿಂದ ಈ ಜಗಳ ಮೊದಲು ನನ್ನ ಜೊತೆಗೇ.

ಬೇರೆ ಸಾವಾದರೆ ಹನ್ನೊಂದೋ ಹದಿಮೂರೋ ದಿನಕ್ಕೆ ಸೂತಕ ಕಳೆಯುತ್ತದೆ. ಆತ್ಮಹತ್ಯೆಯಾದ ಮನೆಯ ಸೂತಕ ಕಳೆಯಲು ನಾವು ಬಿಡುವುದೇ ಇಲ್ಲ. ತಾಯಿ ಅತ್ತರೆ "ಆಗಲೇ ಗಮನಿಸಬೇಕಿತ್ತು", ನಕ್ಕರೆ "ಇಂಥವಳಾದ್ದರಿಂದಲೇ ಹಾಗಾಯಿತು". ಅದೇ ಮನೆಯ ಯಜಮಾನರು ತಿಂಗಳೊಳಗೆ ಕ್ಲಬ್ಬಿಗೆ ಹೋಗಿ ಇಸ್ಪೀಟು ಹಿಡಿದರೆ "ಪಾಪ, ಮನಸ್ಸು ಹಗುರಾಗಲಿ" ಎನ್ನುತ್ತೇವೆ. ಹೆಣ್ಣಿನ ಮನಸ್ಸಿಗೆ ಭಾರವಿಲ್ಲವೇ?

ಕೆಲಸದಲ್ಲಿ ಮರೆಯಲಿ ಎನ್ನುವವರಿದ್ದಾರೆ. ಕೆಲಸ ಅವಳಿಗೆ ಯಾವಾಗ ತಪ್ಪಿತ್ತು? ಪಾತ್ರೆ ತಿಕ್ಕುವುದು ಕೈ ಮಾತ್ರ, ಮನಸ್ಸು "ಅಂದು ನಾನು ಕೇಳಿದ್ದರೆ?" ಎಂಬಲ್ಲೇ ಸುತ್ತುತ್ತದೆ. ಆಟಕ್ಕೆ, ಹಾಡಿಗೆ ಮನಸ್ಸನ್ನೂ ಕೊಡಬೇಕು. ಆ ಅರ್ಧ ಗಂಟೆ ಆ ಪ್ರಶ್ನೆಯಿಂದ ಬಿಡುವು.

ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆಗೆ, ಒಮ್ಮೆ ಬದುಕಿನ ಕಡೆಗೆ ತೂಗಾಡುತ್ತಾರೆ, ನಡುವೆ ದುಃಖದಿಂದ ವಿರಾಮವೂ ಬೇಕು ಎಂದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಬರೆದರು. ಶಾಲೆಯಲ್ಲಿ ಆಟದ ಪೀರಿಯಡ್ ಇಟ್ಟಿರುವುದು ಮಕ್ಕಳು ಪಾಠ ಮರೆಯಲಿ ಎಂದಲ್ಲವಲ್ಲ!

ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕಾನೂನಿಗೇ ಇಷ್ಟು ಕರುಣೆ ಬಂದಿರುವಾಗ, ಉಳಿದುಕೊಂಡ ತಾಯಿಯನ್ನು ನಾವೇಕೆ ಕಟಕಟೆಯಲ್ಲಿ ನಿಲ್ಲಿಸಬೇಕು?

ನಗಲೇಬೇಕೆಂದು ಅವಳನ್ನು ಎಳೆದಾಡುವುದೂ ಬೇಡ. ಭಾರ ತಡೆಯಲಾರದ ರಾತ್ರಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂದು ಹೇಳೋಣ. ಹಗಲಿಗೆ ನಾವಿದ್ದೇವಲ್ಲ.

ಹೋದ ತಿಂಗಳು ನಾನೇ ಆ ಡಬ್ಬಿ ತಂದು ತಂಗಿಯ ಮುಂದಿಟ್ಟೆ. ಎರಡು ಆಟ ಮುಗಿದ ಮೇಲೆ, "ಅವನಿಗೆ ಯಾವಾಗಲೂ ಬಾರಾನೇ ಬೀಳುತ್ತಿತ್ತು ಅಕ್ಕ" ಎಂದಳು. ಅಷ್ಟು ದಿನಗಳಲ್ಲಿ ಮಗನ ಸಾವನ್ನು ಬಿಟ್ಟು ಅವನ ಬದುಕಿನ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಇದನ್ನು ಮರೆವು ಎನ್ನುತ್ತೀರಾ?