ಅಟ್ಟದ ಟೀವಿ, ಅಂಗೈಯಗಲದ ಗಣಕ

ಮಲೆನಾಡಿನ ಮನೆಗಳ ಅಟ್ಟ ಹತ್ತಿ ನೋಡಿದರೆ ಅಡಿಕೆ ಚೀಲ, ಹಳೆಯ ತೊಟ್ಟಿಲು, ತೂತುಬಿದ್ದ ಹಂಡೆಗಳ ನಡುವೆ ಮತ್ತೊಂದು ವಸ್ತು ಮೂಲೆ ಹಿಡಿದು ಕುಳಿತಿರುವುದು ಕಾಣುತ್ತದೆ. ಬೆನ್ನು ಉಬ್ಬಿದ, ಇಬ್ಬರು ಹಿಡಿದು ಎತ್ತಬೇಕಾದ ಪಿಕ್ಚರ್ ಟ್ಯೂಬಿನ ಟೀವಿ ಅದು. ಒಂದು ಕಾಲಕ್ಕೆ ಅದರೆದುರು ಜಗಲಿ ತುಂಬ ಜನ ಸೇರುತ್ತಿದ್ದರು. ಚಿತ್ರ ಸರಿಯಾಗಿ ಬರಲೆಂದು ಹುಡುಗನೊಬ್ಬ ಗುಡ್ಡ ಹತ್ತಿ ಆಂಟೆನಾ ತಿರುಗಿಸುತ್ತಿದ್ದ. ಡಿಶ್ ಬಂತು, ತೆಳುವಾದ ಟೀವಿ ಬಂತು. 2021-22ರ ಹೊತ್ತಿಗೆ ದೂರದರ್ಶನವು ತನ್ನ ಅನಲಾಗ್ ಪ್ರಸಾರ ಗೋಪುರಗಳಲ್ಲಿ ಬಹುಪಾಲನ್ನು ನಿಲ್ಲಿಸಿದಾಗ ಆ ಆಂಟೆನಾಕ್ಕೂ ಕೆಲಸವಿಲ್ಲದಾಯಿತು. ಟೀವಿ ಮಾತ್ರ ಉಳಿಯಿತು, ಎಸೆಯಲು ಜಾಗವಿಲ್ಲದೆ, ಮಾರಿದರೆ ಬೆಲೆಯಿಲ್ಲದೆ.

ಈ ಟೀವಿಗೆ ಈಗ ಹೊಸ ಉಪಯೋಗವೊಂದನ್ನು ವಿದ್ಯಾರ್ಥಿಗಳು ಯೋಚಿಸುತ್ತಿದ್ದಾರೆ. ರಾಸ್‌ಬೆರಿ ಪೈ ಎಂಬ, ಒಂದೇ ಫಲಕದ ಮೇಲೆ ಅಡಕವಾದ ಪುಟ್ಟ ಗಣಕವನ್ನು ಟೀವಿಯೊಳಗಿನ ಮಂಡಲದಿಂದಲೇ ವಿದ್ಯುತ್ ಪಡೆದು ನಡೆಸಬಹುದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಜಾಣತನದ್ದು. ಆದರೆ ಉತ್ತರವನ್ನು ಸ್ಕ್ರೂಡ್ರೈವರ್ ಹಿಡಿದು ಹುಡುಕಲು ಹೊರಟರೆ ಜೀವಕ್ಕೇ ಕುತ್ತು ಬರಬಹುದಾದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಈ ಗಣಕವನ್ನು ಬ್ರಿಟನ್ನಿನ ಕೇಂಬ್ರಿಜ್‌ನ ಧರ್ಮಾರ್ಥ ಸಂಸ್ಥೆಯೊಂದು 2012ರ ಫೆಬ್ರವರಿಯಲ್ಲಿ 35 ಡಾಲರ್ ಬೆಲೆಗೆ ಹೊರತಂದಿತು. ಮಕ್ಕಳು ಕಡಿಮೆ ಖರ್ಚಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು ಉದ್ದೇಶ. ಹೊಸ ಮಾನಿಟರ್ ಕೊಳ್ಳಲಾಗದವರು ಮನೆಯ ಟೀವಿಯನ್ನೇ ಪರದೆಯಾಗಿ ಬಳಸಲೆಂದು ಮೊದಲ ಮಾದರಿಯಲ್ಲಿಯೇ ಹಳದಿ ಬಣ್ಣದ ವಿಡಿಯೊ ಕಿಂಡಿಯನ್ನು ಇಡಲಾಗಿತ್ತು. ಅಂದರೆ ಹಳೆಯ ಟೀವಿಗೂ ಈ ಗಣಕಕ್ಕೂ ಹುಟ್ಟಿನಿಂದಲೇ ನಂಟಿದೆ. ಮೊದಲ ‘ಬಿ’ ಮಾದರಿಗೆ ಬೇಕಾದ್ದು 5 ವೋಲ್ಟ್, 700 ಮಿಲಿ ಆಂಪಿಯರ್. ಮೂರೂವರೆ ವ್ಯಾಟ್ ಮಾತ್ರ. ಇಂಟರ್‌ನೆಟ್ ಸಿಗದ ಶಾಲೆಯಲ್ಲಿ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಓದಿಸಲು, ತಲೆಮಾರುಗಳಿಂದ ಕಾಫಿ ತೋಟದ ಮನೆಗಳಲ್ಲಿ ಕೈಯಿಂದ ಬರೆದಿಡುತ್ತಿದ್ದ ಮಳೆಯ ಲೆಕ್ಕವನ್ನು ತಾನಾಗಿ ದಾಖಲಿಸಲು ಇಷ್ಟು ಸಾಕು. ಟ್ಯೂಬಿನ ಪರದೆಯ ಮೇಲೆ ಸಣ್ಣ ಅಕ್ಷರಗಳು, ಅದರಲ್ಲೂ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ; ಅಕ್ಷರ ದಪ್ಪಗೆ ಇಟ್ಟುಕೊಳ್ಳಬೇಕಷ್ಟೆ.

ಇನ್ನು ವಿದ್ಯುತ್ತಿನ ಮಾತು. ಟೀವಿಯ ಒಳಗೆ 5 ವೋಲ್ಟ್ ಇಲ್ಲವೇ? ಇದೆ. ರಿಮೋಟಿನ ಆಜ್ಞೆಗೆ ಕಾದಿರುವ ಚಿಪ್ಪಿಗೆ ಬೇಕಾದ್ದು ಅದೇ. ಧ್ವನಿ ವಿಭಾಗಕ್ಕೆ ಸಾಮಾನ್ಯವಾಗಿ 12ರಿಂದ 18 ವೋಲ್ಟ್ ಹೋಗುತ್ತದೆ. ಆದರೆ ಇವೆಲ್ಲ ಹುಟ್ಟುವ ದಾರಿ ಸೌಮ್ಯವಾದುದಲ್ಲ. ಗೋಡೆಯ 230 ವೋಲ್ಟ್ ಮೊದಲು ಡಯೋಡುಗಳ ಮೂಲಕ ಹಾದು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ದೊಡ್ಡ ಕೆಪಾಸಿಟರ್ ಒಂದರಲ್ಲಿ ಶೇಖರವಾಗುತ್ತದೆ. ಅಲ್ಲಿಂದ ಎಸ್‌ಎಂಪಿಎಸ್ ಎಂದು ಮೆಕ್ಯಾನಿಕ್‌ಗಳು ಕರೆಯುವ ವಿಭಾಗವು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಅದನ್ನು ಬೇರೆ ಬೇರೆ ವೋಲ್ಟೇಜುಗಳಾಗಿ ಹಂಚುತ್ತದೆ. ಈ ಟ್ರಾನ್ಸ್‌ಫಾರ್ಮರಿನ ಆಚೆಗಿನ ಭಾಗ ಗೋಡೆಯ ವಿದ್ಯುತ್ತಿಗೆ ನೇರ ಅಂಟಿಕೊಂಡದ್ದು, ಈಚೆಗಿನದು ಬೇರ್ಪಟ್ಟದ್ದು. ಅನೇಕ ಫಲಕಗಳ ಮೇಲೆ ಇವೆರಡರ ನಡುವೆ ಗಡಿಗೆರೆ ಎಳೆದಿರುತ್ತಾರೆ. ಗೆರೆಯ ತಪ್ಪು ಬದಿಯಿಂದ ತಂತಿ ಎಳೆದವನು ಗಣಕವನ್ನಷ್ಟೇ ಸುಡುವುದಿಲ್ಲ, ಅದರ ಕೀಬೋರ್ಡ್ ಮುಟ್ಟಿದ ಮಗುವನ್ನೂ ಕರೆಂಟಿಗೆ ಒಡ್ಡುತ್ತಾನೆ.

ಇನ್ನೂ ಹಳೆಯ ಕೆಲವು ಸೆಟ್ಟುಗಳಲ್ಲಿ, ಮುಖ್ಯವಾಗಿ ಕಪ್ಪುಬಿಳುಪಿನ ಕಾಲದವುಗಳಲ್ಲಿ, ಈ ಗಡಿಯೇ ಇರುವುದಿಲ್ಲ. ಇಡೀ ಚಾಸಿ ಗೋಡೆಯ ವಿದ್ಯುತ್ತಿಗೆ ಸೇರಿರುತ್ತದೆ. ಕಂಪನಿಯವರೇ ಕೂಡಿಸಿದ ವಿಡಿಯೊ ಕಿಂಡಿ ಇಲ್ಲದ ಟೀವಿಯನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಪ್ಲಗ್ ಕಿತ್ತ ಮಾತ್ರಕ್ಕೆ ಯಾವ ಟೀವಿಯೂ ಸತ್ತಿರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಕೆಪಾಸಿಟರ್ ತನ್ನ ಪಾಲನ್ನು ಹಿಡಿದಿಟ್ಟುಕೊಂಡಿರಬಹುದು. ದೊಡ್ಡ ಬಣ್ಣದ ಟ್ಯೂಬಿಗೆ ಹೋಗುವ ದಪ್ಪ ಕೆಂಪು ತಂತಿಯಲ್ಲಿ 20ರಿಂದ 25 ಸಾವಿರ ವೋಲ್ಟ್ ಹರಿಯುತ್ತದೆ, ಟ್ಯೂಬು ಅದನ್ನು ಗಂಟೆಗಟ್ಟಲೆ ಉಳಿಸಿಕೊಳ್ಳಬಲ್ಲದು. ರಜೆಯಲ್ಲಿ ಊರಿಗೆ ಬಂದ ಡಿಪ್ಲೊಮಾ ಹುಡುಗನ ಉತ್ಸಾಹಕ್ಕೆ ಇದು ಅಡ್ಡಿಮಾತಿನಂತೆ ಕೇಳಿಸಬಹುದು. ಕೇಳಿಸಲಿ.

ಹಾಗಾದರೆ ಮಾಡುವುದು ಹೇಗೆ? ಪಳಗಿದ ಟೀವಿ ಮೆಕ್ಯಾನಿಕ್ ಕೈಯಿಂದ, ಬೇರ್ಪಟ್ಟ ಬದಿಯ ಧ್ವನಿ ವಿಭಾಗದ ಸಾಲಿನಿಂದ, ನಡುವೆ ಒಂದು ಫ್ಯೂಸ್ ಹಾಕಿ. ಅಂಚೆಚೀಟಿಯಗಲದ ‘ಬಕ್ ಕನ್ವರ್ಟರ್’ ಎಂಬ ಫಲಕ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಇದರ ಬದಲು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೂರು ಕಾಲಿನ 7805 ಹಾಕಿದರೇನು ಎಂದು ಕೇಳುವವರಿದ್ದಾರೆ. 12ರಲ್ಲಿ 5 ಕಳೆದ ಏಳು ವೋಲ್ಟನ್ನು ಅದು ಬರಿದೇ ಬಿಸಿಯಾಗಿಸುತ್ತದೆ. 700 ಮಿಲಿ ಆಂಪಿಯರಿಗೆ ಲೆಕ್ಕ ಹಾಕಿದರೆ ಗಣಕಕ್ಕೆ ಮೂರೂವರೆ ವ್ಯಾಟ್, ಗಾಳಿಗೆ ಸುಮಾರು ಐದು ವ್ಯಾಟ್. ಚಿಪ್ಪಿನ ಮುಂದಿರುವ 5 ವೋಲ್ಟಿನ ಸಾಲಿಗೇ ಕೈಹಾಕುವುದೂ ಸಲ್ಲ, ಅದನ್ನು ಇಷ್ಟು ಹೊರೆಗೆ ಕಟ್ಟಿರುವುದಿಲ್ಲ. ಗಣಕವೂ ನಾಜೂಕಿನದೇ. ಬಿ-ಪ್ಲಸ್ ಮತ್ತು ಅನಂತರದ ಬಹುತೇಕ ಮಾದರಿಗಳು ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ತೋರುತ್ತವೆ. ಯಾರೋ ರಿಮೋಟ್ ಒತ್ತಿ ಟೀವಿ ಆರಿಸಿದರೆ ಹಲವು ಸೆಟ್ಟುಗಳಲ್ಲಿ ಈ ಸಾಲೂ ಆರುತ್ತದೆ, ಬರೆಯುತ್ತಿದ್ದ ಮೆಮೊರಿ ಕಾರ್ಡು ಕೆಡುತ್ತದೆ. ಗಣಕವನ್ನು ಮೊದಲು ಮುಚ್ಚಿ ಆಮೇಲೆ ಟೀವಿ ಆರಿಸುವ ಶಿಸ್ತು ಬೇಕು.

ಪರಿಸರದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕಾಗುತ್ತದೆ. ಟ್ಯೂಬಿನ ಟೀವಿ 80 ವ್ಯಾಟ್ ತಿನ್ನುತ್ತದೆ ಎಂದುಕೊಂಡರೆ ಹಗಲಿರುಳು ಓಡಿದಾಗ ದಿನಕ್ಕೆ ಎರಡು ಯೂನಿಟ್ಟಿನ ಸಮೀಪ. ಅದೇ ಗಣಕ ಒಂದೇ ಆದರೆ ಯೂನಿಟ್ಟಿನ ಹತ್ತನೆಯ ಒಂದು ಭಾಗವೂ ಇಲ್ಲ. ಆದ್ದರಿಂದ ಪರದೆ ಬೇಕಾದ ಪಾಠದ ಹೊತ್ತಿಗೆ ಟೀವಿ-ಗಣಕದ ಜೋಡಿ ಸರಿ. ಮಳೆಯ ಲೆಕ್ಕದಂಥ ನಿರಂತರ ಕೆಲಸಕ್ಕೆ ಅದು ದುಂದು. ಎಸ್‌ಎಂಪಿಎಸ್ಸನ್ನು ಮಾತ್ರ ಕಿತ್ತು ಬಳಸುವ ಉಪಾಯವೂ ಫಲಿಸದು. ಅನೇಕ ಸೆಟ್ಟುಗಳಲ್ಲಿ ಹೊರೆಯಿಲ್ಲದೆ ಅದು ನೆಟ್ಟಗೆ ನಡೆಯುವುದಿಲ್ಲ. ರಿಪೇರಿ ಅಂಗಡಿಯಲ್ಲಿ ಪರೀಕ್ಷೆಗೆಂದು 60 ವ್ಯಾಟಿನ ಬಲ್ಬನ್ನು ಕಟ್ಟುವುದು ಅದಕ್ಕೇ. ನಿರಂತರ ಕೆಲಸಕ್ಕೆ ಮೂಲೆಗೆ ಬಿದ್ದ ಡಿಶ್ ಪೆಟ್ಟಿಗೆಯ 12 ವೋಲ್ಟ್ ಅಡಾಪ್ಟರ್ ಒಂದು ಬಕ್ ಕನ್ವರ್ಟರ್ ಜೊತೆ ಸಾಕಾಗುತ್ತದೆ. ಗಾಜು ಒಡೆದ ಎಲ್‌ಸಿಡಿ ಟೀವಿಯ ಪವರ್ ಬೋರ್ಡು ಅದಕ್ಕಿಂತಲೂ ಗಟ್ಟಿ. ಪರದೆ ಹೋದರೂ ಬೋರ್ಡು ಚೆನ್ನಾಗಿಯೇ ಇರುತ್ತದೆ, ಹೆಚ್ಚಿನವುಗಳಲ್ಲಿ 5 ಮತ್ತು 12 ವೋಲ್ಟಿನ ಸಾಲುಗಳ ಹೆಸರನ್ನು ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಒಳಬದಿಯ ಅಪಾಯ ಮಾತ್ರ ಅಲ್ಲಿಯೂ ಟೀವಿಯದ್ದೇ. ಸರಿಯಿರುವ ಎಲ್‌ಸಿಡಿ ಟೀವಿಯಾದರೆ ಯಾವುದನ್ನೂ ಬಿಚ್ಚಬೇಕಿಲ್ಲ; 2015ರಲ್ಲಿ ಬಂದ ಪೈ ಝೀರೊ ಎಂಬ ಕಿರಿಯ ಮಾದರಿ ಅದರ ಯುಎಸ್‌ಬಿ ಕಿಂಡಿಯ 500 ಮಿಲಿ ಆಂಪಿಯರಿನಲ್ಲಿಯೇ ನಡೆಯುತ್ತದೆ. ಗುಡುಗು-ಸಿಡಿಲಿನ ದಿನ ಟೀವಿಯ ಪ್ಲಗ್ ಕೀಳುವ ಮಲೆನಾಡಿನ ರೂಢಿ ಇವೆಲ್ಲಕ್ಕೂ ಅನ್ವಯ.

ಇಷ್ಟು ಮಾತು ಒಂದು ಪುಟ್ಟ ಗಣಕಕ್ಕಾಗಿ ಮಾತ್ರ ಅಲ್ಲ. ಹಳೆಯ ಟೀವಿ ಅಟ್ಟದಿಂದ ಇಳಿದ ಮೇಲೆ ಅದಕ್ಕಿರುವುದು ಎರಡೇ ದಾರಿ. ಒಂದು, ಹೀಗೆ ಇಡಿಯಾಗಿ ಮತ್ತೆ ದುಡಿಯುವುದು. ಇನ್ನೊಂದು ಗುಜರಿ. ಗುಜರಿಗೆ ಬೇಕಾದ್ದು ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರ. ಅದನ್ನು ಬಿಡಿಸಿಕೊಂಡ ಮೇಲೆ ಟ್ಯೂಬಿನಿಂದ ಪ್ರಯೋಜನವಿಲ್ಲ, ಅದು ಹಳ್ಳದ ದಂಡೆ ಸೇರುತ್ತದೆ. ಎಕ್ಸ್-ಕಿರಣ ತಡೆಯಲೆಂದು ಬಣ್ಣದ ಟ್ಯೂಬಿನ ಹಿಂಭಾಗದ ಗಾಜಿಗೆ ತೂಕದ ಐದನೆಯ ಒಂದು ಭಾಗಕ್ಕೂ ಹೆಚ್ಚು ಸೀಸದ ಆಕ್ಸೈಡ್ ಬೆರೆಸಿರುತ್ತಾರೆ. ಆ ಹಳ್ಳದ ನೀರೇ ಕೆಳಗಿನ ತೋಟಕ್ಕೆ, ಬಾವಿಗೆ.

2022ರಲ್ಲಿ ಜಗತ್ತಿನಲ್ಲಿ ಉಂಟಾದ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕು ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಭಾರತದಲ್ಲಿ 2012ರ ಮೇ ತಿಂಗಳಿನಿಂದಲೇ ನಿಯಮವಿದೆ. ಈಗ ಜಾರಿಯಲ್ಲಿರುವುದು 2023ರ ಏಪ್ರಿಲಿನಿಂದ ಬಂದ ಹೊಸ ರೂಪ. ಉತ್ಪಾದಕರು ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ತಮ್ಮ ಹೊಣೆ ಪೂರೈಸಬಹುದು. ಕಾಗದದ ಮೇಲೆ ಇದು ಅಚ್ಚುಕಟ್ಟು. ಘಟ್ಟದ ಊರೊಂದರ ಮೂವತ್ತು ಕಿಲೋ ತೂಕದ ಟೀವಿಯನ್ನು ಪೇಟೆಯವರೆಗೆ ಹೊರುವವರು ಯಾರು ಎಂಬುದಕ್ಕೆ ಪ್ರಮಾಣಪತ್ರದಲ್ಲಿ ಜಾಗವಿಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಒಂದು ದಿನ ಗೊತ್ತುಮಾಡಿ ಕೆಟ್ಟ ಟೀವಿಗಳನ್ನು ಸಂಗ್ರಹಿಸಿ ನೋಂದಾಯಿತರ ಲಾರಿಗೆ ಏರಿಸುವುದು ಅಸಾಧ್ಯದ ಕೆಲಸವಲ್ಲ. ಆ ದಿನ ಊರಿನ ಮೆಕ್ಯಾನಿಕ್‌ನನ್ನೂ ಕೂರಿಸಿ, ದುಡಿಯಬಲ್ಲವನ್ನು ಶಾಲೆಗೆಂದು ಬೇರೆ ಇಡಲಿ. ಅಲ್ಲಿಯವರೆಗೆ ಟೀವಿ ಅಟ್ಟದಲ್ಲೇ ಇರಲಿ, ಟ್ಯೂಬು ಒಡೆಯದಂತೆ, ಗಾಜಿನ ಮುಖ ಗೋಡೆಗೆ ತಿರುಗಿಸಿ.