ಮಗುವನ್ನೂ ಚಿವುಟಿ, ತೊಟ್ಟಿಲನ್ನೂ ತೂಗುವ ಮಾಸ್ಕೋ

2015ರ ಸೆಪ್ಟೆಂಬರ್ 23ರಂದು ಮಾಸ್ಕೋದಲ್ಲಿ ಹೊಸದಾಗಿ ಕಟ್ಟಲಾದ ಭವ್ಯ ಜಾಮಿಅ ಮಸೀದಿಯನ್ನು ಅಧ್ಯಕ್ಷ ಪುಟಿನ್ ಉದ್ಘಾಟಿಸಿದರು. ಟರ್ಕಿಯ ಎರ್ದೊಗಾನ್, ಫೆಲೆಸ್ತೀನಿನ ಮಹ್ಮೂದ್ ಅಬ್ಬಾಸ್ ಜೊತೆಗಿದ್ದರು. ಅದಕ್ಕೆ ಆರು ತಿಂಗಳ ಹಿಂದೆ, ಮಾರ್ಚ್ 22ರಂದು, ಸೇಂಟ್ ಪೀಟರ್ಸ್‌ಬರ್ಗ್‌ನ ಹೊಟೇಲೊಂದರಲ್ಲಿ ಇನ್ನೊಂದು ಸಭೆ ನಡೆದಿತ್ತು. ಬ್ರಿಟನ್ನಿನ ಬಿಎನ್‌ಪಿಯ ಮಾಜಿ ನಾಯಕ ನಿಕ್ ಗ್ರಿಫಿನ್, ಜರ್ಮನಿಯ ಎನ್‌ಪಿಡಿಯ ಉಡೋ ವೋಯ್ಗ್ಟ್, ಗ್ರೀಸಿನ ಗೋಲ್ಡನ್ ಡಾನ್ ಪಕ್ಷದವರು ಅಲ್ಲಿ ಅತಿಥಿಗಳಾಗಿದ್ದರು. ವಲಸಿಗರನ್ನು, ಅದರಲ್ಲೂ ಮುಸ್ಲಿಮರನ್ನು ಯುರೋಪಿನಿಂದ ಓಡಿಸಬೇಕೆಂಬುದೇ ಇವರ ರಾಜಕೀಯದ ಬಂಡವಾಳ. ಮೊದಲ ಚಿತ್ರವನ್ನು ನಾವು ನೋಡಿ ಸಂತೋಷಪಟ್ಟೆವು. ಎರಡನೆಯದನ್ನು ನೋಡಲೇ ಇಲ್ಲ.

ಆ ಸಭೆಯನ್ನು ಸರಕಾರ ಕರೆದದ್ದಲ್ಲ, ನಿಜ. ಆದರೆ ಒಂಟಿಯಾಗಿ ಬೀದಿಯಲ್ಲಿ ಭಿತ್ತಿಪತ್ರ ಹಿಡಿದು ನಿಂತವನನ್ನೂ ಪೊಲೀಸರು ಹೊತ್ತೊಯ್ಯುವ ದೇಶದಲ್ಲಿ ಇಂತಹ ಸಭೆ ಯಾರ ಅಡ್ಡಿಯೂ ಇಲ್ಲದೆ ನಡೆಯಿತೆಂದರೆ ಏನರ್ಥ?

ಅಧಿಕೃತ ನಂಟುಗಳೂ ಗುಟ್ಟಾಗಿಲ್ಲ. ಬೀದಿಯಲ್ಲಿ ನಮಾಝ್ ಮಾಡುವವರನ್ನು 2010ರಲ್ಲಿ ನಾಝಿ ಆಕ್ರಮಣಕ್ಕೆ ಹೋಲಿಸಿದವರು ಫ್ರಾನ್ಸಿನ ಮರೀನ್ ಲೆ ಪೆನ್. 2014ರಲ್ಲಿ ಅವರ ಪಕ್ಷಕ್ಕೆ ಮಾಸ್ಕೋದ ಫಸ್ಟ್ ಝೆಕ್-ರಷ್ಯನ್ ಬ್ಯಾಂಕ್ 90 ಲಕ್ಷ ಯೂರೋಗಳಿಗೂ ಹೆಚ್ಚು ಸಾಲ ಕೊಟ್ಟಿತು. ಫ್ರೆಂಚ್ ಬ್ಯಾಂಕುಗಳು ಕೊಡಲಿಲ್ಲ, ಅದಕ್ಕೇ ಅಲ್ಲಿಗೆ ಹೋದೆವು ಎಂದು ಪಕ್ಷ ಸಮರ್ಥಿಸಿಕೊಂಡಿತು. 2017ರ ಚುನಾವಣೆಗೆ ಒಂದು ತಿಂಗಳಿರುವಾಗ ಪುಟಿನ್ ಅವರನ್ನು ಕ್ರೆಮ್ಲಿನ್‌ನಲ್ಲಿ ಬರಮಾಡಿಕೊಂಡರು. 'ಇಸ್ಲಾಮ್ ಬೇಡ, ತಾಯ್ನೆಲ ಸಾಕು' ಎಂಬರ್ಥದ ಘೋಷಣೆಯೊಂದಿಗೆ ಮತ ಕೇಳಿದ್ದ ಆಸ್ಟ್ರಿಯದ ಫ್ರೀಡಂ ಪಾರ್ಟಿಯ ಜೊತೆ ಪುಟಿನ್‌ರ ಯುನೈಟೆಡ್ ರಷ್ಯ ಪಕ್ಷ 2016ರ ಡಿಸೆಂಬರ್‌ನಲ್ಲಿ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿತು. 2017ರ ಮಾರ್ಚ್‌ನಲ್ಲಿ ಇಟೆಲಿಯ ಸಾಲ್ವಿನಿಯವರ ಲೀಗ್ ಪಕ್ಷದ ಸರದಿ. ಮರುವರ್ಷ ಗೃಹ ಸಚಿವರಾದ ಇದೇ ಸಾಲ್ವಿನಿ, ಸಮುದ್ರದಿಂದ ರಕ್ಷಿಸಲ್ಪಟ್ಟ 629 ವಲಸಿಗರಿದ್ದ ಹಡಗಿಗೆ ಬಂದರಿನ ಬಾಗಿಲು ಮುಚ್ಚಿದರು.

ಹಣ, ಒಪ್ಪಂದ ಮಾತ್ರವಲ್ಲ, ಸುಳ್ಳು ಕೂಡ ಸರಬರಾಜಾಯಿತು. 2016ರ ಜನವರಿಯಲ್ಲಿ, ಬರ್ಲಿನ್‌ನ 13 ವರ್ಷದ ರಷ್ಯನ್ ಮೂಲದ ಬಾಲಕಿಯನ್ನು ವಲಸಿಗರು ಅಪಹರಿಸಿ ಅತ್ಯಾಚಾರ ಎಸಗಿದ್ದಾರೆಂದು ರಷ್ಯದ ಸರಕಾರಿ ಟಿವಿ ಬಿತ್ತರಿಸಿತು. ಅಂತಹದ್ದು ನಡೆದೇ ಇಲ್ಲ ಎಂದು ಪೊಲೀಸರು ಹೇಳಿದರು. ಆದರೂ ವಿದೇಶಾಂಗ ಸಚಿವ ಲಾವ್ರೊವ್, ಜರ್ಮನಿ ಸತ್ಯ ಮುಚ್ಚಿಡುತ್ತಿದೆ ಎಂಬಂತೆ ಮಾತಾಡಿದರು. ಜನ ಬೀದಿಗಿಳಿದರು. ಸಿರಿಯದ ಬಾಂಬುಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ಮತ್ತೊಮ್ಮೆ ಅಪರಾಧಿಗಳಾದರು. ಆ ಬಾಂಬುಗಳಲ್ಲಿ ರಷ್ಯದ್ದೂ ಇದ್ದುವು ಎಂಬುದನ್ನು ಆ ಟಿವಿ ಹೇಳುವುದುಂಟೇ? ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ.

ಇನ್ನು ಕ್ರೈಮಿಯ. 1944ರಲ್ಲಿ ಸ್ಟಾಲಿನ್ ಸುಮಾರು 2 ಲಕ್ಷ ಕ್ರೈಮಿಯನ್ ತಾತಾರ್ ಮುಸ್ಲಿಮರನ್ನು ಅಲ್ಲಿಂದ ಮಧ್ಯ ಏಶ್ಯಕ್ಕೆ ಗಡೀಪಾರು ಮಾಡಿದ್ದ. ದಶಕಗಳ ನಂತರ ಮರಳಿ ಬಂದವರು ತಮ್ಮದೇ ಪ್ರತಿನಿಧಿ ಸಭೆಯಾದ ಮಜ್ಲಿಸನ್ನು ಕಟ್ಟಿಕೊಂಡಿದ್ದರು. 2014ರ ಮಾರ್ಚ್‌ನಲ್ಲಿ ರಷ್ಯ ಕ್ರೈಮಿಯವನ್ನು ಕಬಳಿಸುವಾಗ ನಡೆಸಿದ ಜನಮತಗಣನೆಗೆ 'ವೀಕ್ಷಕ'ರಾಗಿ ಬಂದವರಲ್ಲಿ ಆಸ್ಟ್ರಿಯದ ಫ್ರೀಡಂ ಪಾರ್ಟಿ, ಬೆಲ್ಜಿಯಂನ ವ್ಲಾಮ್ಸ್ ಬೆಲಾಂಗ್, ಹಂಗೆರಿಯ ಯೋಬಿಕ್ ಪಕ್ಷಗಳ ಮಂದಿ ಇದ್ದರು. ಎಲ್ಲವೂ ಸರಿಯಾಗಿದೆ ಎಂಬ ಸರ್ಟಿಫಿಕೇಟ್ ಸಿಕ್ಕಿತು. ಎರಡೇ ವರ್ಷಗಳಲ್ಲಿ, 2016ರಲ್ಲಿ, ಮಜ್ಲಿಸ್ ನಿಷೇಧಕ್ಕೊಳಗಾಯಿತು. ಯುರೋಪಿನ ಮುಸ್ಲಿಮ್ ದ್ವೇಷಿಗಳು ಮತ್ತು ಮಾಸ್ಕೋದ ನಡುವಿನ ವ್ಯಾಪಾರದಲ್ಲಿ ಬೆಲೆ ತೆತ್ತವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕೇ?

ಪಶ್ಚಿಮದ ದೇಶಗಳು ಸಾಚಾ ಎಂದು ನಾವು ಹೇಳುತ್ತಿಲ್ಲ. ಇರಾಕನ್ನು ಸುಟ್ಟವರು ಯಾರೆಂಬುದು ನಮಗೆ ನೆನಪಿದೆ. ಯುರೋಪಿನ ಜನಾಂಗ ದ್ವೇಷ ಆ ಮಣ್ಣಿನದೇ ಬೆಳೆ, ಮಾಸ್ಕೋ ಬಿತ್ತಿದ್ದಲ್ಲ, ನೀರೆರೆದದ್ದು ಮಾತ್ರ. ಉಕ್ರೇನ್‌ನ ಅಝೋವ್ ಪಡೆಯನ್ನು 2014ರಲ್ಲಿ ಕಟ್ಟಿದವರಲ್ಲಿ ನವನಾಝಿಗಳಿದ್ದರೆಂಬುದೂ ಸುಳ್ಳಲ್ಲ. ಆದರೆ 2022ರ ಫೆಬ್ರವರಿಯಲ್ಲಿ 'ನಾಝಿಗಳನ್ನು ತೊಲಗಿಸಲು' ಎಂದು ಉಕ್ರೇನ್ ಮೇಲೆ ಸೈನ್ಯ ನುಗ್ಗಿಸಿದ ರಷ್ಯ, ಹಿಟ್ಲರನ ವಾರಸುದಾರರು ತನ್ನದೇ ನಗರದಲ್ಲಿ ಸಭೆ ಸೇರಿದಾಗ ಯಾಕೆ ಸುಮ್ಮನಿತ್ತು? ನಮ್ಮ ಪ್ರಶ್ನೆ ಇಷ್ಟೇ.

ಕನ್ನಡಿಗರಾದ ನಮಗೆ ರಷ್ಯದ ಮೇಲೆ ಅಭಿಮಾನ ಮೂಡಿದ್ದು ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳಿಂದ, ಗೋರ್ಕಿ, ಟಾಲ್‌ಸ್ಟಾಯ್‌ರಿಂದ. ಆ ಋಣ ದೊಡ್ಡದು. ಆದರೆ ಅದನ್ನು ಇಂದಿನ ಕ್ರೆಮ್ಲಿನ್‌ಗೆ ಯಾಕೆ ತೀರಿಸಬೇಕು? ಅಮೇರಿಕವನ್ನು ಬೈಯುವವರೆಲ್ಲ ನಮ್ಮವರೆಂಬ ಭ್ರಮೆ ನಮ್ಮೊಳಗೆ ಬೇರೂರಿದೆ. 1999ರ ನಂತರದ ಯುದ್ಧದಲ್ಲಿ ಚೆಚನ್ಯದ ರಾಜಧಾನಿ ಗ್ರೋಝ್ನಿಯನ್ನು ಕಲ್ಲಿನ ರಾಶಿಯಾಗಿಸಿದ ಅದೇ ಪುಟಿನ್ ಮುಂದೆ ಮಸೀದಿ ಉದ್ಘಾಟಿಸಿದಾಗ ನಾವು ಮರೆತುಬಿಟ್ಟೆವಲ್ಲ, ಆ ಮರೆವೇ ಈ ಭ್ರಮೆಗೆ ಸಾಕ್ಷಿ. ಶತ್ರುವಿನ ಶತ್ರು ಯಾರೆಂದು ಹುಡುಕುವುದನ್ನು ಬಿಟ್ಟು, ಅನ್ಯಾಯಕ್ಕೊಳಗಾದವರು ಯಾರೆಂದು ಕೇಳುವುದನ್ನು ನಾವು ಕಲಿಯಬೇಕಾಗಿದೆ. ಪ್ಯಾರಿಸಿನ ವಲಸಿಗನ ಪರ ನಿಂತು ಕ್ರೈಮಿಯದ ತಾತಾರನನ್ನು ಮರೆಯುವುದು ನ್ಯಾಯವಲ್ಲ.